ಗಿಲಕಿ ಹಾವಿನ ಗುಡ್ಡ

ನಮ್ಮ ಮನೆಯ ಸುತ್ತಲಿನ ಕಾಡು ಅಮ್ಮನ ಹೆಗಲಿಗೆ ಬರುತ್ತಿತ್ತು. ಅದಕ್ಕಿಂತ ಎತ್ತರದ ಮರ ಅಲ್ಲಿ ಒಂದೂ ಇರಲಿಲ್ಲ. ಬಿಳಿ ಬಂಡೆಗಳ ಸೀಳಿನಲ್ಲಿ ಬೇರಿಳಿಸಿದ ಪೈನ್ ಮರಗಳು ಗಾಳಿಗೆ ತಿರುಚಿಕೊಂಡು, ಒಂದೇ ಕಡೆಗೆ ಬಾಗಿ ನಿಂತಿದ್ದವು. ಅವುಗಳ ನಡುವೆ ಮೈಲಿಗಟ್ಟಲೆ ಮೊಣಕಾಲೆತ್ತರದ ಕುರುಚಲು. ಏಪ್ರಿಲ್ ಮುಗಿಯುವ ತನಕ ಅದು ಕಂದು ಕಂಬಳಿ. ಮೇ ತಿಂಗಳಲ್ಲಿ ಅದರ ತುಂಬ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಗಂಟೆಗಳು, ಜೂನ್‌ನಲ್ಲಿ ಅಲ್ಲಲ್ಲಿ ಗುಲಾಬಿ ಗೊಂಚಲು, ಜುಲೈನಲ್ಲಿ ಬೆರಳು ಬಾಯಿ ಎಲ್ಲ ನೀಲಿಯಾಗುವಷ್ಟು ಹಣ್ಣು. ನ್ಯೂಜೆರ್ಸಿಯ ವಾಯವ್ಯ ಮೂಲೆಯಲ್ಲಿ, ನ್ಯೂಯಾರ್ಕಿನ ಗಡಿಗೆ ತಾಗಿಕೊಂಡ ಬೆಟ್ಟಸಾಲಿನ ನೆತ್ತಿ ಅದು. ಅಮೆರಿಕ ಅಂದರೆ ಗಗನಚುಂಬಿ ಕಟ್ಟಡ ಎಂದುಕೊಂಡಿದ್ದ ಮೈಸೂರಿನ ನಮ್ಮಜ್ಜಿಗೆ ಅಮ್ಮ ಬರೆದ ಮೊದಲ ಕಾಗದದಲ್ಲಿ, ಇಲ್ಲಿ ಮರಗಳೂ ನನಗಿಂತ ಗಿಡ್ಡ ಎಂದಿತ್ತಂತೆ. ಮಗಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅಜ್ಜಿ ಗಾಬರಿಯಾಗಿದ್ದರಂತೆ.

ಅಪ್ಪ ಧಾರವಾಡದವರು. ಎಂಜಿನಿಯರಿಂಗ್ ಓದಲು ಬಂದು, ಓದು ಮುಗಿದ ಮೇಲೆ, ದೂರದೂರಿನ ಫೋನ್ ಮಾತುಗಳನ್ನು ಗಾಳಿಯಲ್ಲಿ ದಾಟಿಸುವ ಗೋಪುರವೊಂದರ ಉಸ್ತುವಾರಿಗೆ ಸೇರಿದ್ದರು. ಗೋಪುರದ ಪಕ್ಕದಲ್ಲೇ ಕಂಪನಿ ಕೊಟ್ಟ ಮರದ ಮನೆ: ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಮೆಟ್ಟಿಲಿನ ಜಗುಲಿ. ಉತ್ತರದ ಗೋಡೆಯ ಸಂದುಗಳಲ್ಲಿ ಗಾಳಿ ನುಗ್ಗದಂತೆ ಅಪ್ಪನ ಹರಿದ ಕಾಲುಚೀಲ ತುರುಕಿದ್ದರು. ಗೋಪುರದ ಯಂತ್ರಗಳು ಸದಾ ಗುಂಯ್‌ಗುಡುತ್ತಿದ್ದವು. ಆ ಸದ್ದಿಗೆ ನಾನು ಎಷ್ಟು ಒಗ್ಗಿದ್ದೆನೆಂದರೆ ಮುಂದೆ ಬೇರೆ ಮನೆಯಲ್ಲಿ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ತೊಗರಿಬೇಳೆ, ಇಂಗು, ಹುಣಸೆಹಣ್ಣಿಗೆ ಎರಡು ತಿಂಗಳಿಗೊಮ್ಮೆ ಮ್ಯಾನ್‌ಹಟನ್ನಿನ ಒಂದು ಅಂಗಡಿಗೆ ಹೋಗಬೇಕಿತ್ತು. ಜೋಳದ ಹಿಟ್ಟು ಅಲ್ಲೂ ಸಿಗುತ್ತಿರಲಿಲ್ಲ. ಮೆಕ್ಕೆಜೋಳದ ಹಿಟ್ಟಿನಲ್ಲಿ ಅಮ್ಮ ರೊಟ್ಟಿ ತಟ್ಟಲು ಹೋದರೆ ಅದು ಹಂಚಿಗೆ ಬೀಳುವ ಮೊದಲೇ ಮೂರು ಹೋಳಾಗುತ್ತಿತ್ತು. ಅಪ್ಪ ಆ ಹೋಳುಗಳನ್ನು ತಟ್ಟೆಯಲ್ಲಿ ಮತ್ತೆ ದುಂಡಗೆ ಜೋಡಿಸಿಕೊಂಡು ಊಟ ಮಾಡುತ್ತಿದ್ದರು.

ನಾವು ಅಲ್ಲಿಗೆ ಹೋದಾಗ ನನಗೆ ಏಳು ವರ್ಷ. ಮೊದಲ ಚಳಿಗಾಲವಿಡೀ ಅಮ್ಮ ಅಡುಗೆಮನೆಯ ಕಿಟಕಿ ಬಿಟ್ಟು ಕದಲಲಿಲ್ಲ. ಅಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವಳು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಆಡಲು ಹೋದರೆ ನಾಲಿಗೆ ಏಳುತ್ತಿರಲಿಲ್ಲ. ನಾನು ಶಾಲೆಗೆ ಸೇರಿದ ಆರು ತಿಂಗಳಲ್ಲೇ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವವಳಾಗಿಬಿಟ್ಟಿದ್ದೆ. ಊಟದ ಹೊತ್ತಿಗೆ ಅಪ್ಪ ಒಂದೇ ಮಾತು ತೆಗೆಯುತ್ತಿದ್ದರು.

"ಪಾರ್ಸಿಪನಿಯೊಳಗ ನಮ್ಮ ಮಂದಿ ಎರಡ ಮನಿ ಅದಾವ. ಅಲ್ಲೇ ಆಫೀಸಿನ್ಯಾಗ ಕೆಲಸ ಕೇಳ್ತೀನಿ. ಹೋಗೋಣೇನು?"

"ಹೂಂ ಅನ್ನೋಕೆ ನನಗೇನು? ಕೇಳಿ," ಎನ್ನುತ್ತಿದ್ದಳು ಅಮ್ಮ.

ಅಪ್ಪ ಕೇಳುವ ಮೊದಲೇ ಮುಳ್ಳುಹಂದಿ ಬಂತು. ಒಂದು ಸಂಜೆ ಜಗುಲಿಯಲ್ಲಿ ಯಾರೋ ಗರಗಸ ಎಳೆದಂತೆ ಸದ್ದಾಯಿತು. ಅಪ್ಪ ಪೊರಕೆ ಹಿಡಿದು ಹೊರಗೆ ಹೋದರು. ಮೆಟ್ಟಿಲ ಪಕ್ಕದ ಕೈಹಿಡಿಯನ್ನು ಒಂದು ಮುಳ್ಳುಹಂದಿ ನಿಶ್ಚಿಂತೆಯಿಂದ ಕಡಿಯುತ್ತಿತ್ತು. ಅಪ್ಪನನ್ನು ನೋಡಿ ಬೆನ್ನು ತಿರುಗಿಸಿ ಮುಳ್ಳೆಬ್ಬಿಸಿತು, ಮತ್ತೆ ಕಡಿಯಿತು. ಮಾರನೆಯ ದಿನ ಅಮ್ಮ ಆ ಕೈಹಿಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟೊಂದು ಮರ ಇರುವಾಗ ಇದನ್ನೇ ಯಾಕೆ ತಿನ್ನುತ್ತೆ? ಅದೂ ಕೈ ಇಡುವ ಕಡೆ ಮಾತ್ರ? ಅಪ್ಪನ ಸಲಿಕೆಯ ಹಿಡಿಯನ್ನೂ ತಿಂದಿತ್ತು, ಅಲ್ಲೂ ಹಿಡಿದುಕೊಳ್ಳುವ ಜಾಗವನ್ನೇ. ಅಮ್ಮ ತಟಕ್ಕನೆ ಎದ್ದು ಒಳಗೆ ಹೋಗಿ, ಒಂದು ತುಂಡು ಹಲಗೆಯನ್ನು ಉಪ್ಪುನೀರಿನಲ್ಲಿ ಅದ್ದಿ, ಇನ್ನೊಂದನ್ನು ಬರಿ ನೀರಿನಲ್ಲಿ ಅದ್ದಿ, ಎರಡನ್ನೂ ಗೋಪುರದ ಬೇಲಿಯಾಚೆ ಇಟ್ಟು ಬಂದಳು. ಬೆಳಿಗ್ಗೆ ಹೋಗಿ ನೋಡಿದರೆ ಉಪ್ಪಿನ ಹಲಗೆ ಅರ್ಧ ಮಾಯ, ಇನ್ನೊಂದು ಇಟ್ಟ ಹಾಗೇ ಇತ್ತು.

"ಬೆವರು ಕಣೆ ವಸು, ಬೆವರು! ನಿಮ್ಮಪ್ಪನ ಕೈಬೆವರಿನ ಉಪ್ಪಿಗೆ ಬಂದಿದೆ ಅದು!"

ಅಮ್ಮ ಕುಣಿದಾಡಿದಳು ಎಂದರೆ ಅತಿಶಯವಲ್ಲ. ಚಳಿಗಾಲದಿಂದ ಅವಳ ದನಿ ಅಷ್ಟೆತ್ತರಕ್ಕೆ ಏರಿದ್ದನ್ನು ನಾನು ಕೇಳಿರಲಿಲ್ಲ. ಅಂದಿನಿಂದ ಅವಳು ಹೊರಗೆ ಬರತೊಡಗಿದಳು. ಬಂಡೆಯ ಮೇಲೆ ಕಪ್ಪಗೆ ಮುರುಟಿ ಅಂಟಿಕೊಂಡಿದ್ದುದನ್ನು ಕಿತ್ತು ಮೂಸಿ, ಇದು ನಮ್ಮ ಕಲ್ಲುಹೂವಿನ ಅಕ್ಕನೋ ತಂಗಿಯೋ ಎಂದು ಸಾರಿಗೆ ಹಾಕಿದಳು. ಸಾರು ಮಣ್ಣಿನ ರುಚಿಯಾಗಿತ್ತು. ವಿಷ ಇದ್ದರೆ ಏನು ಗತಿ ಎಂದು ಅಪ್ಪ ತಟ್ಟೆ ಸರಿಸಿದರು. "ನಾನು ಮಧ್ಯಾಹ್ನವೇ ತಿಂದು ನೋಡಿದೀನಿ, ಬದುಕಿದೀನಲ್ಲ," ಎಂದಳು ಅಮ್ಮ.

ಹೇಜಲ್ ನಮ್ಮ ಬಾಳಿಗೆ ಬಂದದ್ದು ಆ ಬೇಸಿಗೆಯಲ್ಲಿ. ಅರವತ್ತು ದಾಟಿದ, ಮುಂದಿನ ನಾಲ್ಕು ಹಲ್ಲಿಲ್ಲದ, ಗಂಡಸರ ಬೂಟು ಹಾಕಿದ ಹೆಂಗಸು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಗುಡ್ಡದ ಮೇಲಿನ ತಗಡಿನ ಗುಡಿಸಲಿನಲ್ಲಿದ್ದು, ಆ ಕುರುಚಲಿನ ನೀಲಿ ಹಣ್ಣು ಹಕಲ್‌ಬೆರಿಯನ್ನು ಕಿತ್ತು ಕೆಳಗಿನ ಊರಿನಲ್ಲಿ ಮಾರುತ್ತಿದ್ದಳು. ಅವಳ ಬಾಲ್ಯದಲ್ಲಿ ಬೇಸಿಗೆಗೆ ಇಡೀ ಇಡೀ ಸಂಸಾರಗಳು ಹಣ್ಣು ಕೀಳಲು ಮೇಲೆ ಬರುತ್ತಿದ್ದವಂತೆ. ಈಗ ಉಳಿದವಳು ಅವಳೊಬ್ಬಳೇ. ಹಲ್ಲಿಲ್ಲದ ಬಾಯಿಯ ಅವಳ ಇಂಗ್ಲಿಷ್ ಅಪ್ಪನಿಗೇ ಅರ್ಥವಾಗುತ್ತಿರಲಿಲ್ಲ. ನನಗೆ ಆಗುತ್ತಿತ್ತು. ಹೀಗಾಗಿ ಅಮ್ಮ ಮತ್ತು ಹೇಜಲ್ ನಡುವೆ ನಾನು ನಿಂತೆ. ಹಣ್ಣಿನ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡ ಇಬ್ಬರು ಹೆಂಗಸರು, ನಡುವೆ ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಸಾಗಿಸುವ ನಾನು. ಅಮ್ಮನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಈ ಗುಲಾಬಿ ಹೂವಿನ ಗಿಡವನ್ನು ಜಿಂಕೆ ಯಾಕೆ ಮುಟ್ಟಲ್ಲ? ವಿಷ, ಕುರಿ ತಿಂದರೂ ಸಾಯುತ್ತೆ. ಮರ ಯಾಕೆ ಬೆಳೆಯಲ್ಲ? ಕೆಳಗೆ ಮಣ್ಣು ಒಂದು ಗೇಣೂ ಇಲ್ಲ, ಮೇಲೆ ಗಾಳಿ. ಆ ಮೊಳಕಾಲುದ್ದದ ಮರಕ್ಕೆ ಎಷ್ಟು ವರ್ಷ? ನಾನು ಹುಡುಗಿಯಾಗಿದ್ದಾಗಲೂ ಅಷ್ಟೇ ಇತ್ತು.

ಒಂದು ದಿನ ಹೇಜಲ್ ಕೈಗೊಂದು ಪೈನ್ ಕಾಯಿ ಕೊಟ್ಟಳು. ಅಂಟಿನಿಂದ ಬಿಗಿಯಾಗಿ ಮುಚ್ಚಿಕೊಂಡಿತ್ತು.

"ಇದರಲ್ಲಿ ಕೆಲವು ಹೀಗೇ ವರ್ಷಗಟ್ಟಲೆ ಕೂತಿರುತ್ತವೆ. ಬೆಂಕಿ ಬಿದ್ದರೆ ಮಾತ್ರ ಬಾಯಿ ಬಿಡೋದು," ಎಂದಳು. "ಹಣ್ಣು ಚೆನ್ನಾಗಿ ಬರಲಿ ಅಂತ ನಮ್ಮಪ್ಪಂದಿರು ಗುಡ್ಡಕ್ಕೆ ಬೆಂಕಿ ಇಡ್ತಿದ್ದರು. ಸುಟ್ಟ ಮುಂದಿನ ವರ್ಷ ಎಲ್ಲೆಲ್ಲೂ ಪುಟ್ಟ ಪೈನ್."

ಅಮ್ಮ ನಾನು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡಳು. ಮನೆಗೆ ಬಂದವಳೇ ಒಲೆಯ ಓವನ್ ಹೊತ್ತಿಸಿ ಆರು ಕಾಯಿಗಳನ್ನು ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದಳು. ಮನೆಯೆಲ್ಲ ಧೂಪದ ವಾಸನೆ. ಅಪ್ಪ ಕೆಲಸದಿಂದ ಬಂದಾಗ ನಾವಿಬ್ಬರೂ ಓವನ್ನಿನ ಗಾಜಿಗೆ ಮುಖ ಒತ್ತಿ ಕೂತಿದ್ದೆವು. ಟಿಕ್, ಟಿಕ್ ಎನ್ನುತ್ತ ಕಾಯಿಯ ಪದರ ಒಂದೊಂದೇ ಬಿಚ್ಚುತ್ತಿತ್ತು.

"ಏನ ಬೇಯಿಸ್ಲಿಕ್ಹತ್ತೀರಿ?"

"ಪೈನ್ ಕಾಯಿ," ಎಂದಳು ಅಮ್ಮ, ತಿರುಗಿ ನೋಡದೆ.

"ಊಟಕ್ಕ?"

"ಸ್ವಲ್ಪ ತಡಕೊಳ್ಳಿ. ಬೀಜ ಬೀಳ್ತಾ ಇದೆ."

ಅಪ್ಪನೂ ಕೋಟು ಬಿಚ್ಚದೆ ನಮ್ಮ ಪಕ್ಕ ಕೂತರು. ಆರರಲ್ಲಿ ಎರಡು ತೆರೆದುಕೊಂಡವು. ಸೊಳ್ಳೆರೆಕ್ಕೆಯಂಥ ರೆಕ್ಕೆಯಿದ್ದ ಬೀಜಗಳನ್ನು ಅಮ್ಮ ಅಂಗೈಗೆ ಹಾಕಿಕೊಂಡು ಊದಿದಳು. ಅವು ಅಡುಗೆಮನೆಯ ತುಂಬ ಗಿರಗಿರ ತಿರುಗಿದವು. ಆ ದಿನ ನಾವು ಅನ್ನ ಮೊಸರು ಉಂಡು ಮಲಗಿದೆವು. ಪಾರ್ಸಿಪನಿಯ ಮಾತು ಅಪ್ಪ ತೆಗೆಯಲಿಲ್ಲ.

ಹಾವುಗಳನ್ನು ಅಮ್ಮ ತಾನೇ ಕಂಡುಹಿಡಿದಳು. ಎರಡನೆಯ ವರ್ಷದ ಅಕ್ಟೋಬರ್, ಬಿಸಿಲು ಹಿತವಾಗಿದ್ದ ದಿನ. ದಕ್ಷಿಣಕ್ಕೆ ಮುಖ ಮಾಡಿದ ಬಂಡೆಗಳ ಇಳಿಜಾರಿನಲ್ಲಿ ನಾವಿಬ್ಬರೂ ಇಳಿಯುತ್ತಿದ್ದಾಗ ಹುರಿದ ಕಡಲೆಯನ್ನು ಡಬ್ಬಿಯಲ್ಲಿ ಹಾಕಿ ಅಲುಗಿಸಿದಂತೆ ಸದ್ದು ಕೇಳಿತು. ಅಮ್ಮ ನನ್ನ ಜಡೆ ಹಿಡಿದು ನಿಲ್ಲಿಸಿದಳು. ಹತ್ತು ಮಾರು ದೂರದಲ್ಲಿ ಹಳದಿ ಮೈಯ ಮೇಲೆ ಕಪ್ಪು ಪಟ್ಟೆಯ, ನನ್ನ ತೋಳಿನಷ್ಟು ದಪ್ಪದ ಹಾವು ಸುರುಳಿ ಸುತ್ತಿಕೊಂಡು ಬಾಲದ ಗಿಲಕಿ ಆಡಿಸುತ್ತಿತ್ತು. ಅದರಾಚೆ ಇನ್ನೊಂದು ಪೂರಾ ಕಪ್ಪು. ಬಂಡೆಯ ಸೀಳಿನ ಬಾಯಲ್ಲಿ ಇನ್ನೂ ಮೂರು. ಹೇಜಲ್ ಹೇಳಿಕೊಟ್ಟಿದ್ದ ಹಾಗೆ ಅಲುಗಾಡದೆ ನಿಂತು, ಒಂದೊಂದೇ ಹೆಜ್ಜೆ ಹಿಂದಿಟ್ಟು, ಎದುರಿನ ಎತ್ತರದ ಬಂಡೆ ಹತ್ತಿ ಕೂತೆವು. ಅಮ್ಮನ ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ. ಎಣಿಸುತ್ತಿದ್ದಳು.

ಅಂದಿನಿಂದ ನನ್ನ ಹಳೆಯ ಶಾಲಾ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಅಮ್ಮನವಾದವು. ಚಳಿಗೆ ಮೊದಲು ಹಾವುಗಳು ಎಲ್ಲೆಲ್ಲಿಂದಲೋ ಆ ಸೀಳಿಗೆ ವಾಪಸಾಗುತ್ತವೆ, ಮೇ ತಿಂಗಳಲ್ಲಿ ಹೊರಬಂದು ಕಾಡಿಗೆ ಚದುರುತ್ತವೆ, ಬಸುರಿ ಹಾವುಗಳು ಮಾತ್ರ ಎಲ್ಲೂ ಹೋಗದೆ ಬೇಸಿಗೆಯಿಡೀ ಅಲ್ಲೇ ಬಂಡೆಯ ಮೇಲೆ ಬಿಸಿಲು ಕಾಯುತ್ತವೆ. ಇದನ್ನೆಲ್ಲ ಅವಳು ಯಾವ ಪುಸ್ತಕವನ್ನೂ ನೋಡದೆ ತಿಳಿದುಕೊಂಡಳು. ಪಟ್ಟೆಯ ಆಕಾರ ನೋಡಿ ಒಂದೊಂದನ್ನೂ ಗುರುತಿಸುತ್ತಿದ್ದಳು. ತನ್ನ ಸೋದರತ್ತೆಯರ ಹೆಸರುಗಳನ್ನೆಲ್ಲ ಅವಕ್ಕಿಟ್ಟಳು. ಕೊರಳ ಹತ್ತಿರ ಮುರಿದ ಪಟ್ಟೆಯಿದ್ದದ್ದು ಕಮಲತ್ತೆ, ಸದಾ ಒಂದೇ ಕಡೆ ಕೂರುತ್ತಿದ್ದುದು ಶಾರದತ್ತೆ. ಒಂದು ಆಗಸ್ಟ್ ಕೊನೆಯಲ್ಲಿ ಕಮಲತ್ತೆ ಮರಿ ಹಾಕುವುದನ್ನು ನಾವು ಕಣ್ಣಾರೆ ಕಂಡೆವು.

"ಮೊಟ್ಟೆ ಅಲ್ವೇ! ಮರೀನೇ! ನೋಡೇ, ಪೊರೆ ಹರ್ಕೊಂಡು ಬರ್ತಾ ಇದೆ!" ಅಮ್ಮ ಪಿಸುಗುಡುತ್ತಲೇ ಕಿರುಚಿದಳು.

ಹೇಜಲ್‌ಗೆ ಆ ಜಾಗ ಮೊದಲಿಂದ ಗೊತ್ತಿತ್ತಂತೆ. ಅಮ್ಮ ನೋಟ್‌ಬುಕ್ ತೋರಿಸಿದಾಗ ಒಂದೊಂದು ಹಾಳೆಯನ್ನೂ ತಿರುವಿ, ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿ, "ಅರವತ್ತು ವರ್ಷದಿಂದ ಇಲ್ಲಿದ್ದೇನೆ, ನಾನು ಎಣಿಸಲೇ ಇಲ್ಲ," ಎಂದಳು. ಅಪ್ಪ ಮಾತ್ರ ಆ ಇಳಿಜಾರಿನ ಕಡೆಗೆ ಕಾಲಿಡಲಿಲ್ಲ.

ನನಗೆ ಹತ್ತು ವರ್ಷವಾದ ಆಗಸ್ಟ್‌ನ ನಡುವಿನಲ್ಲಿ ಆ ಮನುಷ್ಯ ಬಂದ. ಅಪ್ಪ ಅಮ್ಮ ಸಾಮಾನಿಗೆಂದು ಕೆಳಗಿನ ಊರಿಗೆ ಹೋಗಿದ್ದರು. ನಾನು ಜಗುಲಿಯಲ್ಲಿ ಓದುತ್ತ ಕೂತಿದ್ದೆ. ಹಳೆಯ ಪಿಕಪ್ ಟ್ರಕ್ಕಿನ ಮೂತಿಯಿಂದ ಹಬೆ ಬರುತ್ತಿತ್ತು. ರೇಡಿಯೇಟರ್‌ಗೆ ನೀರು ಕೇಳಿದ. ಕೊಟ್ಟೆ. ಹೆಸರು ರಾಯ್ ಎಂದ. ಟ್ರಕ್ಕಿನ ಹಿಂದೆ ಜಾಲರಿ ಮುಚ್ಚಳದ ಮರದ ಪೆಟ್ಟಿಗೆಗಳು, ತುದಿಯಲ್ಲಿ ಕೊಕ್ಕೆಯಿದ್ದ ಉದ್ದನೆಯ ಕೋಲು. ಏನಿವು ಎಂದು ಕೇಳಿದೆ. ಮೆಟ್ಟಿಲ ಮೇಲೆ ಕೂತು ಸಾವಧಾನವಾಗಿ ಹೇಳಿದ. ಹಾವು ಹಿಡಿಯುವವನಂತೆ. ಕೆಲವನ್ನು ಪ್ರದರ್ಶನಕ್ಕೆ ಮಾರುತ್ತಾನಂತೆ, ಕೆಲವನ್ನು ಚರ್ಮಕ್ಕೆ.

"ಈ ಗುಡ್ಡದಲ್ಲಿ ಒಂದು ಕಾಲಕ್ಕೆ ಬೇಕಾದಷ್ಟಿದ್ದವು," ಎಂದ. "ಈಗ ಒಂದೂ ಇಲ್ಲ."

"ಇವೆ," ಎಂದೆ.

"ಇಲ್ಲ ಮಗು. ನೀನು ಹುಟ್ಟುವ ಮೊದಲಿಂದ ನಾನು ಈ ಕೆಲಸದಲ್ಲಿದ್ದೇನೆ. ಈ ಕಡೆ ಖಾಲಿ."

"ಇಪ್ಪತ್ತಾರು ಇವೆ. ಅದರಲ್ಲಿ ಏಳು ಬಸುರಿ."

ಅವನು ನಕ್ಕ. ಆ ನಗು ನನಗೆ ತಡೆಯಲಾಗಲಿಲ್ಲ. ಶಾಲೆಯಲ್ಲಿ ನನ್ನ ಜಡೆ, ನನ್ನ ಊಟದ ಡಬ್ಬಿ, ನನ್ನ ಹೆಸರು ಎಲ್ಲಕ್ಕೂ ಹಾಗೆಯೇ ನಗುತ್ತಿದ್ದರು. ಅವರಾರಿಗೂ ಗೊತ್ತಿಲ್ಲದೆ ನನಗೆ ಗೊತ್ತಿದ್ದುದು ಅದೊಂದೇ. ಒಡೆದ ಬಂಡೆ, ಬಿಳಿ ಗೆರೆ, ಎಡಕ್ಕೆ ತಿರುಗಿ ಇಳಿಜಾರು ಎಂದು ಕೈ ತೋರಿಸಿ ಬಿಡಿಸಿ ಹೇಳಿದೆ. ಅವನು ನಗುವುದನ್ನು ನಿಲ್ಲಿಸಿ, ಟೋಪಿ ತೆಗೆದು, ದೊಡ್ಡವರಿಗೆ ಮಾಡುವಂತೆ ನನ್ನ ಕೈ ಕುಲುಕಿದ. ಹೋಗುವಾಗ ಜೇಬಿನಿಂದ ಒಣಗಿದ ಹಾವಿನ ಗಿಲಕಿಯೊಂದನ್ನು ತೆಗೆದು ಕೊಟ್ಟ. ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಅಪ್ಪ ಅಮ್ಮ ವಾಪಸಾಗುವಷ್ಟರಲ್ಲಿ ಮತ್ತೆ ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ.

ನಾಲ್ಕು ದಿನ ಬಿಟ್ಟು ಅಮ್ಮ ಮತ್ತು ನಾನು ಎದುರು ಬಂಡೆ ಹತ್ತಿದೆವು. ಬಿಸಿಲು ಕಾಯುವ ಕಲ್ಲು ಖಾಲಿಯಾಗಿತ್ತು. ಅಮ್ಮ ಒಂದು ಗಂಟೆ ಕಾದಳು. ಆಮೇಲೆ, ಎಂದೂ ಹೋಗದಿದ್ದವಳು, ಕೆಳಗಿಳಿದು ಸೀಳಿನ ಬಾಯಿಗೇ ಹೋದಳು. ಕಲ್ಲುಗಳನ್ನು ಮಗುಚಿ ಹಾಕಿದ್ದರು. ಸಿಗರೇಟಿನ ತುಂಡುಗಳಿದ್ದವು. ಸೀಳಿನಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಬಿಲದೊಳಗೆ ಹೋದ ಹಾವುಗಳನ್ನು ಹೊರಗೆ ಬರಿಸಲು ಸುರಿದದ್ದು ಎಂದು ಹೇಜಲ್ ಆಮೇಲೆ ಹೇಳಿದಳು. ಅಮ್ಮ ಅಲ್ಲೇ ಕೂತು ನೋಟ್‌ಬುಕ್ ಮಡಿಲಲ್ಲಿಟ್ಟುಕೊಂಡಳು. ಬರೆಯಲಿಲ್ಲ. ನಾನು ಹೇಳಬೇಕಾಗಿದ್ದ ಹೊತ್ತು ಅದೇ. ಹೇಳಲಿಲ್ಲ.

ಸಂಜೆ ಹೇಜಲ್ ಎಂದಿನಂತೆ ಬುಟ್ಟಿಯೊಂದಿಗೆ ಬಂದಾಗ ಅಮ್ಮ ಅವಳಿಗೆ ಕುರ್ಚಿ ಕೊಡಲಿಲ್ಲ.

"ಕೇಳು ಅವರನ್ನ. ಈ ಜಾಗ ನಮ್ಮ ಮೂವರನ್ನ ಬಿಟ್ರೆ ಇನ್ನು ಯಾರಿಗೆ ಗೊತ್ತಿತ್ತು?"

ಕೇಳಿದೆ. ಹೇಜಲ್ ಅಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ನಾನು ಯಾರಿಗೂ ಹೇಳಿಲ್ಲ ಅಂತ ನಿನ್ನಮ್ಮನಿಗೆ ಹೇಳು."

ಹೇಳಿದೆ.

"ದಿನಾ ಊರಿಗೆ ಹೋಗ್ತಾರಲ್ಲ. ಮಾತಿನ ಮಧ್ಯೆ ಎಲ್ಲಾದ್ರೂ ಬಾಯಿ ತಪ್ಪಿ ಬಂದಿರಬಹುದಾ ಅಂತ ಕೇಳು," ಎಂದಳು ಅಮ್ಮ. ಅವಳ ಮಾತು ಮೆತ್ತಗೇ ಇತ್ತು.

ಅಮ್ಮನಿಗೆ ಹಿಡಿಯಲಾಗದಷ್ಟು ಬೇಗಬೇಗ ನಾನು ಇಂಗ್ಲಿಷ್‌ನಲ್ಲಿ ಹೇಳಿದ್ದು ಬೇರೆ. "ನೀವೇ ಹೇಳಿದ್ದೀರಿ ಅಂತ ಅಮ್ಮ ಹೇಳ್ತಿದ್ದಾಳೆ," ಎಂದೆ.

ಅದನ್ನು ಯಾಕೆ ಹಾಗೆ ತಿರುಚಿದೆನೋ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಮಾತು ಬೇಗ ಮುಗಿಯಲಿ ಎಂದಿರಬಹುದು. ಹೇಜಲ್ ಹೊರಟುಹೋಗಲಿ, ನನ್ನನ್ನು ಹಾಗೆ ನೋಡುವುದನ್ನು ನಿಲ್ಲಿಸಲಿ ಎಂದಿರಬಹುದು. ಹೇಜಲ್ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಮರುದಿನದಿಂದ ಬರಲಿಲ್ಲ. ಆ ಬುಟ್ಟಿಯ ಹಣ್ಣನ್ನು ಅಮ್ಮ ಮುಟ್ಟಲಿಲ್ಲ. ಹಕ್ಕಿಗಳು ತಿಂದು ಮೆಟ್ಟಿಲೆಲ್ಲ ನೇರಳೆ ಬಣ್ಣ ಮಾಡಿದವು.

ಆಮೇಲಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ಪ್ರಶ್ನೆಗಳು ನಿಂತುಹೋದವು. ಅಮ್ಮ ಸಮಯಕ್ಕೆ ಸರಿಯಾಗಿ ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಗಿಡುಗಗಳು ನೂರಾರು ಒಟ್ಟಾಗಿ ಬೆಟ್ಟಸಾಲಿನ ಮೇಲೆ ತೇಲಿಕೊಂಡು ದಕ್ಷಿಣಕ್ಕೆ ಹೋಗುವ ಹೊತ್ತು. ಹಿಂದಿನ ವರ್ಷ ಅಮ್ಮ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ನೋಡಿದ್ದಳು. ಆ ವರ್ಷ ನಾನು ಕೂಗಿ ಕರೆದರೂ ಕತ್ತೆತ್ತಲಿಲ್ಲ. ಒಂದು ದಿನ ಊಟ ಬಡಿಸುತ್ತ ತಾನಾಗಿಯೇ ಹೇಳಿದಳು.

"ಪಾರ್ಸಿಪನಿಗೆ ಹೋಗೋಣ ಕಣ್ರೀ."

ಮೂರು ವರ್ಷದಿಂದ ಆ ಮಾತಿಗೆ ಕಾದಿದ್ದ ಅಪ್ಪನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಏನಾತು? ಮೈಯಾಗ ಹುಷಾರ ಇಲ್ಲೇನು?"

"ಇಲ್ಲಿ ಇನ್ನು ನನಗೇನಿದೆ?"

ಅಪ್ಪ ನನ್ನ ಕಡೆ ನೋಡಿದರು. ನಾನು ಅನ್ನ ಕಲಸಿದೆ.

ನವರಾತ್ರಿಗೆ ಅಮ್ಮ ಪ್ರತಿ ವರ್ಷ ಬೊಂಬೆ ಕೂರಿಸುತ್ತಿದ್ದಳು. ಬೊಂಬೆ ಎಂದರೆ ಊರಿನಿಂದ ತಂದ ಪಟ್ಟದ ಗೊಂಬೆ ಜೋಡಿ, ಉಳಿದದ್ದೆಲ್ಲ ಗುಡ್ಡದ್ದು: ಬಾಯಿಬಿಟ್ಟ ಪೈನ್ ಕಾಯಿ, ಮುಳ್ಳುಹಂದಿಯ ಮುಳ್ಳು, ಗಿಡುಗದ ಗರಿ, ಹೊಳೆಯುವ ಬಿಳಿಗಲ್ಲು. ಆ ವರ್ಷ ಪಟ್ಟದ ಗೊಂಬೆ ಮಾತ್ರ ಇಟ್ಟಳು. ಸರಸ್ವತಿ ಪೂಜೆಯ ಬೆಳಿಗ್ಗೆ ಎಲ್ಲರೂ ತಮ್ಮ ಪುಸ್ತಕ ಇಡಬೇಕು. ಅಪ್ಪ ತಮ್ಮ ಯಂತ್ರದ ಕೈಪಿಡಿ ಇಟ್ಟರು, ನಾನು ಗಣಿತದ ಪುಸ್ತಕ ಇಟ್ಟೆ. ಅಮ್ಮ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋಗಿ, ಆ ನೋಟ್‌ಬುಕ್ ತಂದು ಎಲ್ಲದರ ಮೇಲಿಟ್ಟು ಕುಂಕುಮ ಹಚ್ಚಿದಳು. ಅಮ್ಮ ನೈವೇದ್ಯಕ್ಕೆ ಪಾಯಸ ತರಲು ಹೋದಾಗ ಹಾಸಿಗೆಯ ಕೆಳಗಿನ ಗಿಲಕಿಯನ್ನು ತಂದು ನೋಟ್‌ಬುಕ್ಕಿನ ಮೇಲಿಟ್ಟೆ.

ಅಮ್ಮ ಬಂದಳು. ಪಾಯಸದ ಪಾತ್ರೆ ಕೆಳಗಿಟ್ಟಳು. ಗಿಲಕಿಯನ್ನು ಕೈಗೆತ್ತಿಕೊಂಡಳು.

"ಯಾರು ಕೊಟ್ಟರು?"

ನಾನು ಎಲ್ಲ ಹೇಳಿದೆ. ಹೇಳಿದ್ದು ಕನ್ನಡದಲ್ಲಿ. ಹೇಜಲ್ ಮಾತು ದಾಟಿಸಿದ್ದನ್ನು ಬಿಟ್ಟರೆ, ಎಷ್ಟೋ ತಿಂಗಳ ಮೇಲೆ ಅಮ್ಮನಿಗೆ ನಾನು ಆಡಿದ ಅಷ್ಟುದ್ದದ ಕನ್ನಡ ಅದೇ.

"ಯಾಕೆ ಹೇಳಿದೆ ಅವನಿಗೆ?"

"ಇಲ್ಲ ಅಂದ. ನನಗೆ ಗೊತ್ತಿತ್ತು."

ಅಮ್ಮ ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಅಮ್ಮ ಹೊಡೆಯಲಿಲ್ಲ.

"ಅವತ್ತು ಹೇಜಲ್ ಹತ್ರ ನಾನು ಏನಂದೆ, ನೀನು ಏನಂದೆ? ಒಂದೊಂದು ಮಾತೂ ಹೇಳು."

ಅದನ್ನು ಹೇಳುವುದು ಹಾವಿನ ಮಾತಿಗಿಂತ ಕಷ್ಟವಾಯಿತು. ಕೇಳಿಸಿಕೊಂಡ ಮೇಲೆ ಅಮ್ಮ ಗೋಡೆಗೊರಗಿ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಅಪ್ಪ ಕಾರಿನ ಕೀಲಿ ತೆಗೆದುಕೊಂಡರು. ಅಮ್ಮ ಪಾಯಸವನ್ನು ಮುಚ್ಚಳದ ಪಾತ್ರೆಗೆ ಸುರಿದಳು.

"ನಡಿ," ಎಂದಳು.

ಹೇಜಲ್ ಚಳಿಗಾಲ ಕಳೆಯುತ್ತಿದ್ದ ಮನೆ ಗುಡ್ಡದ ಬುಡದ ಊರಿನಲ್ಲಿತ್ತು. ಅಂಗಳದಲ್ಲಿ ಸೌದೆ ಪೇರಿಸುತ್ತಿದ್ದಳು. ಕಾರಿನಿಂದ ಇಳಿಯುವಾಗ ಅಮ್ಮ ನನಗೆ ಹೇಳಿದಳು, "ಈಗ ನೀನು ಸುಮ್ನಿರು. ನಾನೇ ಮಾತಾಡ್ತೀನಿ." ರೇಷ್ಮೆ ಸೀರೆಯ ಮೇಲೆ ಅಪ್ಪನ ಕೋಟು ಹಾಕಿಕೊಂಡು, ಎರಡು ಕೈಯಲ್ಲಿ ಪಾತ್ರೆ ಹಿಡಿದುಕೊಂಡು ಹೇಜಲ್‌ಳ ಎದುರು ನಿಂತಳು.

"ಐ ರಾಂಗ್," ಎಂದಳು ಅಮ್ಮ. "ಯು ನೋ ಟೆಲ್. ಐ ವೆರಿ ರಾಂಗ್. ಸಾರಿ, ಹೇಜಲ್."

ಅಷ್ಟು ಹೇಳಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಹೇಜಲ್ ಕೈಲಿದ್ದ ಸೌದೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಅಮ್ಮ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. ನಾನೇ ರಾಯ್‌ಗೆ ಹೇಳಿದ್ದು, ಅಮ್ಮ ಹಾಗೆ ಅನ್ನಲೇ ಇಲ್ಲ, ಆ ಮಾತೂ ನನ್ನದೇ ಎಂದು ಹೇಳುವಷ್ಟರಲ್ಲಿ ನನ್ನ ಮೂಗು ಸೋರುತ್ತಿತ್ತು.

"ಗೊತ್ತು," ಎಂದಳು ಹೇಜಲ್. "ಗೋಪುರದ ಮನೆಯ ಹುಡುಗಿ ತೋರಿಸಿದಳು ಅಂತ ಅವನು ಅಂಗಡಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದ. ಆರು ಹಿಡಿದನಂತೆ."

ನಾನು ಕನ್ನಡದಲ್ಲಿ ಹೇಳಿದೆ, ಒಂದು ಅಕ್ಷರ ಬಿಡದೆ. ಗೊತ್ತಿದ್ದೂ ಯಾಕೆ ಬಂದು ಹೇಳಲಿಲ್ಲ ಎಂದು ಅಮ್ಮ ಕೇಳಿದಳು.

"ಹುಡುಗಿಗೆ ಸ್ವಲ್ಪ ಸಮಯ ಕೊಟ್ಟೆ," ಎಂದಳು ಹೇಜಲ್. "ಮೊದಲ ಹಿಮ ಬೀಳುವ ತನಕ. ಆಮೇಲೆ ನಾನೇ ಬಂದು ಅವಳ ಕಿವಿ ಹಿಂಡುತ್ತಿದ್ದೆ." ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. "ಇದನ್ನು ಬಿಸಿ ಮಾಡಿ ತಿನ್ನೋದೋ, ಹೀಗೇನಾ?"

ವಾರದ ಮೇಲೆ ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅಮ್ಮ, ಹೇಜಲ್, ನಾನು ಮೂವರೂ ಎದುರು ಬಂಡೆಯ ಮೇಲೆ ಕೂತೆವು. ರಾಯ್‌ಗೆ ಸಿಕ್ಕಿದ್ದು ಬಿಸಿಲಿಗೆ ಕೂತಿದ್ದ ಬಸುರಿಗಳು ಮಾತ್ರ, ಬೇರೆಯವು ಆಗ ಕಾಡಿನಲ್ಲಿದ್ದವು ಎಂದು ಅಮ್ಮ ಲೆಕ್ಕ ಹಾಕಿದ್ದಳು. ಆದರೆ ಪೆಟ್ರೋಲಿನ ವಾಸನೆ ಹಿಡಿದ ಬಿಲಕ್ಕೆ ಅವು ವಾಪಸು ಬರುತ್ತವೋ ಇಲ್ಲವೋ ಹೇಜಲ್‌ಗೂ ಗೊತ್ತಿರಲಿಲ್ಲ. ಒಂದು ಗಂಟೆ ಏನೂ ಇಲ್ಲ. ಆಮೇಲೆ ಕೆಳಗಿನ ಕುರುಚಲಿನಿಂದ ಒಂದು ಕಪ್ಪು ಹಾವು ಬಂದು, ಸೀಳಿನ ಬಾಯಲ್ಲಿ ನಾಲಿಗೆ ಚಾಚಿ ಚಾಚಿ ನೋಡಿ, ಅಲ್ಲೇ ನಿಂತಿತು. ಅಮ್ಮ ನನ್ನ ಮೊಣಕೈ ಹಿಡಿದಿದ್ದಳು. ಅದು ಒಳಗೆ ಹೋಯಿತು. ಬಿಸಿಲು ಇಳಿಯುವಷ್ಟರಲ್ಲಿ ಒಂಬತ್ತು ಬಂದವು. ಕೊನೆಯಲ್ಲಿ, ದೊಡ್ಡದೊಂದು ಹಾದುಹೋದ ಜಾಡಿನಲ್ಲೇ, ಪೆನ್ಸಿಲ್ ದಪ್ಪದ ಬೂದು ಮರಿಯೊಂದು ವಾಸನೆ ಹಿಡಿದು ತೆವಳಿಕೊಂಡು ಬಂತು. ಅಂದರೆ ಏಳರಲ್ಲಿ ಉಳಿದ ಒಂದು ಬಸುರಿ ಎಲ್ಲೋ ಮರಿ ಹಾಕಿತ್ತು. ಆ ಮರಿ ಬೆಳೆದು ತಾನು ಮರಿ ಹಾಕಲು ಎಂಟು ಹತ್ತು ವರ್ಷ ಬೇಕು ಎಂದಳು ಹೇಜಲ್. ಆಗ ನನಗೆಷ್ಟು ವಯಸ್ಸು ಎಂದು ಎಣಿಸಿ ನಾನು ಬೆರಗಾದೆ. ಅಮ್ಮ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ನನ್ನ ತೊಡೆಯ ಮೇಲಿಟ್ಟಳು. ನಾನು ಕನ್ನಡದಲ್ಲಿ ಬರೆದೆ: ದೊಡ್ಡವು ಒಂಬತ್ತು, ಮರಿ ಒಂದು.

ವಾಪಸಾಗುವಾಗ ಗೋಪುರದ ಬೇಲಿಯ ಹತ್ತಿರ ಕಂಪನಿಯಿಂದ ರಿಪೇರಿಗೆ ಬಂದಿದ್ದ ಇಬ್ಬರು ಅಪ್ಪನೊಂದಿಗೆ ಕಾಫಿ ಕುಡಿಯುತ್ತಿದ್ದರು. ಅವರಲ್ಲೊಬ್ಬ, ಒಳ್ಳೆಯ ಮನುಷ್ಯ, ಪ್ರತಿ ಸಲ ನನಗೆ ಚಾಕಲೇಟು ತರುವವನು, ಕೈಬೀಸಿ ಕೇಳಿದ.

"ಮಧ್ಯಾಹ್ನವೆಲ್ಲ ಆ ಕಡೆ ಏನು ನೋಡಿದಿರಿ ಪುಟ್ಟಮ್ಮಾ? ಏನಾದರೂ ವಿಶೇಷ ಇದೆಯಾ?"

ಅಮ್ಮ ನನ್ನ ಪಕ್ಕದಲ್ಲಿ ನಿಂತಳು. ನನ್ನ ಕಡೆ ತಿರುಗಲಿಲ್ಲ.

"ಹಕಲ್‌ಬೆರಿ ಎಲೆಗಳೆಲ್ಲ ಕೆಂಪಾಗಿವೆ," ಎಂದೆ ಇಂಗ್ಲಿಷ್‌ನಲ್ಲಿ. "ಗುಡ್ಡ ಪೂರ್ತಿ."

ಅಷ್ಟು ಇಂಗ್ಲಿಷ್ ಅಮ್ಮನಿಗೆ ಅರ್ಥವಾಗುತ್ತಿತ್ತು. ಅವಳು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ, ಹೇಜಲ್‌ಗೆ ಕಾಫಿ ಕಾಯಿಸಲು ಒಳಗೆ ಹೋದಳು.